ಡೋವರ್, ಡೋವರ್, ಎರಡ್ ಸೀಟು!

ಹಡಗಿನಲ್ಲಿ ಇಂಗ್ಲೆಂಡ್ ಸುತ್ತೋಕೆ ಹೊರಟವರಿಗೆ ನನ್ನದೊಂದೇ ಸಲಹೆ: ಹೆಬ್ಬಾಳ ಫ್ಲೈಓವರ್ ಕೆಳಗೆ ಕಲಿತ ವಿದ್ಯೆಯನ್ನ ಮನೇಲಿ ಬಿಟ್ಟು ಹೋಗಬೇಡಿ.

ನಮ್ಮ ಹಡಗು ಡೋವರ್ ಬಂದರಿನಲ್ಲಿ ನಿಂತಿತ್ತು. ನಾನೂ ನನ್ನ ಗಂಡನೂ ರೈಲು ಹತ್ತಿ ಕ್ಯಾಂಟರ್ಬರಿ ನೋಡೋಕೆ ಹೋದ್ವಿ. ವಾಪಸ್ ಹೊರಡೋ ಹೊತ್ತಿಗೆ ರೈಲು ರದ್ದು. ನಮ್ಮ ಪಾಡಿಗೆ ನಾವು ಸುತ್ತೋಕೆ ಹೋದ್ರೆ ಹಡಗು ಕಾಯೋದಿಲ್ಲ. ಸ್ಟೇಷನ್ ಮುಂದೆ ಟ್ಯಾಕ್ಸಿಗೆ ಉದ್ದನೆ ಕ್ಯೂ, ಎಲ್ಲರ ಕೊರಳಲ್ಲೂ ನಮ್ಮ ಹಡಗಿನದೇ ಕಾರ್ಡು. ಆದ್ರೂ ಒಂದೊಂದು ಜೋಡಿ ಒಂದೊಂದು ಟ್ಯಾಕ್ಸಿ ಹತ್ತಿ, ಅರ್ಧ ಗಾಡಿ ಖಾಲಿ ಇಟ್ಕೊಂಡು ಹೋಗ್ತಿದೆ!

ನಮ್ಮ ಸರದಿ ಬಂದಾಗ ನನಗೆ ತಡೆಯೋಕಾಗಲಿಲ್ಲ. ಟ್ಯಾಕ್ಸಿ ಬಾಗಿಲು ಹಿಡಿದು, ಹೆಬ್ಬಾಳದಲ್ಲಿ ಯಲಹಂಕದ ಗಾಡಿಗೆ ಕೂಗಿ ಕೂಗಿ ಜನ ತುಂಬಿಸೋರ ಹಾಗೆ, “ಡೋವರ್, ಡೋವರ್, ಎರಡ್ ಸೀಟು!” ಅಂತ ಇಂಗ್ಲಿಷಿನಲ್ಲಿ ಕೂಗಿದೆ.

“ಮಾನ ಕಳೀಬೇಡ ಕಣೇ,” ಅಂದ್ರು ನನ್ನವರು.

ಹಿಂದೆ ನಿಂತಿದ್ದ, ಟೈ ಕಟ್ಟಿದ ಇಂಗ್ಲಿಷ್ ಅಜ್ಜ ಹಿಂಜರಿದ. “ನಮಗೆ ಪರಿಚಯವೇ ಇಲ್ಲವಲ್ಲ?”

“ಹಡಗು ಹೊರಟುಹೋಗ್ಲಿ, ಇಲ್ಲೇ ನಿಂತು ನಿಧಾನಕ್ಕೆ ಪರಿಚಯ ಮಾಡ್ಕೊಳ್ಳೋಣ,” ಅಂದೆ.

ಅವನ ಹೆಂಡತಿ ಸರಕ್ಕನೆ ಹತ್ತಿ ಕೂತಳು. ನಮ್ಮನ್ನು ನೋಡಿ ಹಿಂದಿನವರೂ ನಾಲ್ಕು ನಾಲ್ಕು ಜನ ಕೂಡಿ ಹತ್ತಿದ್ರು. ಹಡಗು ಹೊರಡೋ ಮೊದಲು ಇಡೀ ಕ್ಯೂ ಒಳಗಿತ್ತು!

ಮುಂದಿನ ಬಂದರಿನಲ್ಲಿ ಇಳಿದು ನೋಡಿದ್ರೆ, ಟ್ಯಾಕ್ಸಿ ಬಾಗಿಲು ಹಿಡಿದು ಅದೇ ಅಜ್ಜ ಕೂಗ್ತಿದ್ದಾನೆ: “ಸಿಟಿ, ಸಿಟಿ, ಎರಡು ಸೀಟು!”

ಗಂಟಲು ಇನ್ನೂ ಪಳಗಬೇಕು. ಒಂದು ವಾರ ಹೆಬ್ಬಾಳದಲ್ಲಿ ನಿಲ್ಲಿಸಿದ್ರೆ ಸರಿಹೋಗ್ತಾನೆ.