ಅವಳ ಎಡೆಯಲ್ಲಿ ಅರ್ಧ ಲೋಟ

ಅಣ್ಣ ನನ್ನ ಹೆಂಡತಿಯ ಹನ್ನೆರಡು ಸೀಸೆಗಳನ್ನು ಅಡುಗೆಮನೆಯ ಸಿಂಕಿಗೆ ಸುರಿದದ್ದು ಅವಳು ಹೋದ ಮೂರನೆಯ ದಿನ. ನಾನೂ ಮಗಳೂ ಅಸ್ಥಿ ಬಿಡಲು ಗಂಗೆಗೆ ಹೋಗಿದ್ದೆವು. ಸಂಜೆ ಬಂದು ಬಾಗಿಲು ತೆಗೆದರೆ ಇಡೀ ಫ್ಲ್ಯಾಟಿನಲ್ಲಿ ಹುಳಿ ಬಂದ ಸೇಬಿನ ವಾಸನೆ. ಸ್ಲ್ಯಾಬಿನ ಕೆಳಗೆ, ಗ್ಯಾಸ್ ಸಿಲಿಂಡರಿನ ಪಕ್ಕ, ಅವಳು ಸಾಲಾಗಿ ನಿಲ್ಲಿಸಿದ್ದ ಸೀಸೆಗಳ ಜಾಗ ಖಾಲಿಯಾಗಿತ್ತು. ಸೀಸೆಗಳನ್ನೂ ಬಿಟ್ಟಿರಲಿಲ್ಲ, ಗುಜರಿ ಕೊಳ್ಳುವ ಕಬಾಡಿಯವನನ್ನು ಕರೆದು ಕೊಟ್ಟಾಗಿತ್ತು.

"ಹೋದವಳ ಮರ್ಯಾದೆ ಉಳಿಸಿದೀನಿ ಕಣೋ," ಎಂದ ಅಣ್ಣ. "ನಾಳೆಯಿಂದ ಮಾತಾಡ್ಸೋಕೆ ಜನ ಬರ್ತಾರೆ. ಮನೆ ಹೆಂಗಸು ಹೆಂಡ ಮಾಡ್ತಿದ್ಲು ಅಂತ ಆಡ್ಕೊಳ್ಳೋದು ಬೇಡ."

"ಅದು ಹೆಂಡ ಅಲ್ಲಣ್ಣ."

"ಮೂಸಿ ನೋಡೇ ಚೆಲ್ಲಿದ್ದು. ನಂಗೆ ಹೇಳ್ಕೊಡ್ತೀಯಾ?"

ನಾನು ಸುಮ್ಮನಾದೆ. ದೊಡ್ಡವರ ಎದುರು ಸುಮ್ಮನಿರುವುದನ್ನು ನನಗೆ ಮನೆಯಲ್ಲೂ ಕಲಿಸಿದ್ದರು, ಸೈನ್ಯದಲ್ಲೂ ಕಲಿಸಿದ್ದರು. ಇದನ್ನು ಬರೆಯುತ್ತಿರುವಾಗ ಅಣ್ಣನಿಗಿಂತ ಮೊದಲು ಆ ಸುಮ್ಮನಿದ್ದವನ ಮೇಲೆ ಸಿಟ್ಟು ಬರುತ್ತದೆ.

ಅವಳು ಆ ಸೇಬಿನ ರಸ ಇಡುವುದನ್ನು ಕಲಿತದ್ದು ನನ್ನ ಪೋಸ್ಟಿಂಗ್ ಗುಡ್ಡದ ಕಡೆ ಇದ್ದಾಗ. ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯಲ್ಲಿದ್ದ ಕೊಡಗಿನ ಹೆಂಗಸೊಬ್ಬರು ದ್ರಾಕ್ಷಿಯದು, ಅನಾನಸಿನದು ಎಂದು ವೈನ್ ಇಡುತ್ತಿದ್ದರು. ಅಲ್ಲಿ ಸೇಬು ಬೇಕಾದಷ್ಟು ಬಿದ್ದು ಕೊಳೆಯುತ್ತಿದ್ದುದರಿಂದ ಇವಳು ಸೇಬಿಗೆ ಕೈ ಹಾಕಿದಳು. ನಾನು ರಿಟೈರಾಗಿ, ಸೆಕ್ಯುರಿಟಿ ಸೂಪರ್‌ವೈಸರ್ ಕೆಲಸ ಹಿಡಿದು ದಿಲ್ಲಿ ಪಕ್ಕದ ಇಂದಿರಾಪುರಂಗೆ ಬಂದ ಮೇಲೂ ಬಿಡಲಿಲ್ಲ. ಪ್ರತಿ ವರ್ಷ ಮಳೆಗಾಲದಲ್ಲಿ ಮಂಡಿಗೆ ಹೊಸ ಸೇಬು ಬಂದ ಕೂಡಲೇ ಮನೆಯಲ್ಲಿ ತುರಿಯುವುದು, ನನ್ನ ಹಳೆಯ ಪಂಚೆಯಲ್ಲಿ ಹಿಂಡುವುದು ಶುರುವಾಗುತ್ತಿತ್ತು. ಮಗಳು ಅದನ್ನು ಸೈಡರ್ ಎನ್ನುತ್ತಿದ್ದಳು. ಇವಳು ಸೇಬಿನ ರಸ ಎನ್ನುತ್ತಿದ್ದಳು. ಭಾನುವಾರ ಊಟವಾಗಿ, ಪಾತ್ರೆ ತೊಳೆದು, ಅಡುಗೆಮನೆಯ ದೀಪ ಆರಿಸಿ ಬಂದು ಸ್ಟೀಲ್ ಲೋಟದಲ್ಲಿ ಅರ್ಧ ಲೋಟ ಕುಡಿಯುವಳು. ವಾರಕ್ಕೆ ಅಷ್ಟೇ. ಅವಳು ತನಗಾಗಿ ಮಾಡಿಕೊಳ್ಳುತ್ತಿದ್ದುದು ಅದೊಂದೇ. ಮಿಕ್ಕಿದ್ದೆಲ್ಲ ನಮಗಾಗಿ.

ಈ ವರ್ಷದ್ದನ್ನು ಸೀಸೆಗೆ ತುಂಬಿದ ವಾರವೇ ಡೆಂಗಿ ಬಂತು. ಆರು ದಿನದಲ್ಲಿ ಮುಗಿಯಿತು.

ನಮ್ಮ ಹಾಸನದ ಕಡೆ ಮಹಾಲಯ ಅಮಾವಾಸ್ಯೆಯ ದಿನ ಹೋದವರಿಗೆ ಎಡೆ ಇಡುತ್ತೇವೆ. ಹೊಸ ಬಟ್ಟೆ, ಬಾಡೂಟ, ಜೊತೆಗೆ ಅವರು ಬದುಕಿದ್ದಾಗ ಆಸೆಪಟ್ಟು ತಿಂದದ್ದು, ಕುಡಿದದ್ದು ಎಲೆಯ ಮುಂದೆ ಇರಲೇಬೇಕು. ಅಪ್ಪನ ಎಡೆಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ, ಕ್ವಾರ್ಟರ್ ಬ್ರಾಂದಿ ಇಟ್ಟವನು ಇದೇ ಅಣ್ಣ. ಅದು ಮರ್ಯಾದೆ. ಇವಳ ಅರ್ಧ ಲೋಟ ಮಾತ್ರ ಮರ್ಯಾದೆಗೇಡು!

ತಿಥಿ ಮುಗಿಸಿಕೊಂಡು ಅವನು ಊರಿಗೆ ಹೋದ. ಅಮಾವಾಸ್ಯೆಗೆ ಮೂರು ವಾರವಿತ್ತು. ಅವಳ ಎಡೆಗೆ ಅವಳದೇ ರಸ ಇಡುತ್ತೇನೆ, ನಾನೇ ಮಾಡುತ್ತೇನೆ ಎಂದು ಮಗಳಿಗೆ ಹೇಳಿದೆ. ಅವಳಿಗೆ ಗುರುಗ್ರಾಮದಲ್ಲಿ ಕೆಲಸ. ಆ ತಿಂಗಳೆಲ್ಲ ನನ್ನ ಜೊತೆಯಲ್ಲೇ ಇದ್ದಳು.

"ಆಪ್‌ಕೋ ಆತಾ ಹೈ?" ಎಂದಳು. ನಿಮಗೆ ಬರುತ್ತಾ, ಎಂದು.

"ಮೂವತ್ತು ವರ್ಷ ನೋಡಿದೀನಿ."

ನೋಡಿರಲಿಲ್ಲ. ಅವಳು ಹಿಂಡುವಾಗ ನಾನು ಟಿವಿ ಮುಂದೆ ಇರುತ್ತಿದ್ದೆ.

ಒಳ್ಳೆಯ ಸೇಬು ತಂದೆ. ಕೆಂಪಗೆ, ಹೊಳೆಯುವಂಥವು. ಬಿಸಿನೀರಿನಲ್ಲಿ ತೊಳೆದೆ, ಸಿಪ್ಪೆ ತೆಗೆದೆ, ಹಿಂಡಿದೆ. ಆಮೇಲೆ ರಸವನ್ನು ಸ್ಟವ್ ಮೇಲಿಟ್ಟು ಚೆನ್ನಾಗಿ ಕುದಿಸಿದೆ. ಸೈನ್ಯದಲ್ಲಿ ಕುದಿಸದ ನೀರನ್ನು ನಾವು ಬಾಯಿಗೆ ಹಾಕುತ್ತಿರಲಿಲ್ಲ, ಹಾಕಲು ಬಿಡುತ್ತಲೂ ಇರಲಿಲ್ಲ. ಅವಳ ಎಡೆಗೆ ಇಡುವುದು ಚೊಕ್ಕವಾಗಿರಬೇಕೆಂದು ಹಟ. ಜಾಡಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೆ ನಾಲ್ಕು ಸಲ ಕಿವಿಯಿಟ್ಟು ಕೇಳಿದೆ. ಅವಳ ಜಾಡಿ ಎರಡನೆಯ ದಿನಕ್ಕೇ ಸುಸ್ಸೆನ್ನುತ್ತಿತ್ತು. ನನ್ನದು ಒಂಬತ್ತು ದಿನವಾದರೂ ಮಿಸುಕಲಿಲ್ಲ. ಕೊನೆಗೆ ಮೇಲೆ ಹಸಿರು ಬೂಷ್ಟು ಕಟ್ಟಿತು.

ಮಗಳು ಬಗ್ಗಿ ನೋಡಿದಳು. "ಪಪ್ಪಾ, ನೀವು ಇದನ್ನ ಕುದಿಸಿದ್ರಾ?"

"ಮತ್ತೆ? ಹಸಿದೇ ಇಡ್ಲಾ?"

"ಅಮ್ಮ ಕುದಿಸ್ತಾನೇ ಇರ್ಲಿಲ್ಲ. ಬಿಲ್ಕುಲ್ ನಹೀ. ಸಿಪ್ಪೆನೂ ಹಾಕ್ತಿದ್ರು. ಅದ್ರಲ್ಲೇ ಇರುತ್ತೆ ಹುಳಿ ಬರೋದು. ನೀವು ಎಲ್ಲಾ ಸಾಯಿಸಿಬಿಟ್ರಿ."

ಅವಳು ಬೇಕೆಂದು ಹೇಳಿದ್ದಲ್ಲ. ಆದರೂ ನನಗೆ ರೇಗಿತು. ಗೊತ್ತಿದ್ದರೆ ಮೊದಲೇ ಹೇಳಲು ನಿನಗೇನಾಗಿತ್ತು ಎಂದು ಕೂಗಿದೆ. "ನೀವು ಕೇಳಿದ್ರಾ?" ಎಂದು ಅವಳೂ ಕೂಗಿದಳು.

ಮರುದಿನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಗೇಟಿನ ಹೊರಗೆ ಗಾಡಿಯಲ್ಲಿ ಹಣ್ಣು ಮಾರುವ ಭಯ್ಯಾನ ಹತ್ತಿರ ಹೋದೆ. ನಾನು ದಪ್ಪ ಸೇಬು ಆರಿಸುತ್ತಿದ್ದರೆ ಅವನು ಗಾಡಿಯ ಅಡಿಯಿಂದ ಬುಟ್ಟಿಯೊಂದನ್ನು ಎಳೆದ. ಸಣ್ಣವು, ಪೆಟ್ಟು ಬಿದ್ದವು, ಅರ್ಧ ಹಸಿರಿನವು.

"ಫೌಜಿ ಸಾಬ್, ಆಂಟಿಜೀ ಇದನ್ನೇ ಒಯ್ಯುತ್ತಿದ್ದದ್ದು," ಎಂದ ಹಿಂದಿಯಲ್ಲಿ. "ಹುಳಿ ಇದೆಯಾ ಅಂತ ಇಲ್ಲೇ ಕಚ್ಚಿ ನೋಡ್ತಿದ್ದರು. ಸಿಹಿ ಇದ್ದರೆ ನನಗೇ ಬೈಗುಳ."

ಕೊಳೆತ ಸೇಬು ತರುತ್ತಾಳೆ, ಜಿಪುಣಿ ಎಂದು ನೆಂಟರ ಮುಂದೆ ಅವಳನ್ನು ಎಷ್ಟು ಸಲ ಹಂಗಿಸಿದ್ದೇನೋ. ಅವಳು ಒಮ್ಮೆಯೂ ತಿರುಗಿ ವಿವರಿಸಿರಲಿಲ್ಲ. ಬುಟ್ಟಿಯಲ್ಲಿದ್ದುದನ್ನೆಲ್ಲ ತಂದೆ. ಈ ಸಲ ಮಗಳು ಹೇಳಿದಂತೆ ಮಾಡಿದೆ. ತೊಳೆಯಲಿಲ್ಲ, ಒರೆಸಿದೆ ಅಷ್ಟೇ. ಸಿಪ್ಪೆಯ ಸಮೇತ ತುರಿದು, ಹಿಂಡಿ, ಹಿಂಡಿದ ಸಿಪ್ಪೆಯಲ್ಲಿ ಒಂದು ಹಿಡಿ ರಸಕ್ಕೆ ಹಾಕಿದೆ. ಮೂರನೆಯ ದಿನ ಜಾಡಿ ಸದ್ದು ಮಾಡಿತು. ಅಮಾವಾಸ್ಯೆಯ ಹೊತ್ತಿಗೆ ರಸ ಇನ್ನೂ ಕದಡಿಕೊಂಡೇ ಇತ್ತು, ಪೂರ್ತಿ ಆಗಿರಲಿಲ್ಲ. ಆದರೆ ನಾಲಿಗೆಗೆ ಚುರುಕ್ಕೆನ್ನುತ್ತಿತ್ತು.

ಹಾಲ್‌ನಲ್ಲಿ ಅವಳ ಫೋಟೋ ಇಟ್ಟು, ಹೊಸ ಸೀರೆ, ಬಳೆ, ಎಲೆಯ ಮೇಲೆ ಮಟನ್, ಕಡುಬು ಬಡಿಸಿದೆವು. ಸ್ಟೀಲ್ ಲೋಟದಲ್ಲಿ ಅರ್ಧ ಲೋಟ ರಸ. ಅಷ್ಟರಲ್ಲಿ ಅಣ್ಣನ ವಿಡಿಯೋ ಕಾಲ್. ಎಡೆ ತೋರಿಸು ಎಂದ. ಮಗಳು ಫೋನನ್ನು ಎಲೆಯ ಕಡೆ ತಿರುಗಿಸಿದಳು.

"ಆ ಲೋಟದಲ್ಲೇನೋ?"

"ಅವಳದ್ದು."

"ಲೋ, ಮುತ್ತೈದೆ ಎಡೆ ಕಣೋ ಅದು. ತೆಗಿ ಅದನ್ನ."

"ನೀನೇ ಬಂದು ಸುರಿ. ಸಿಂಕ್ ಇಲ್ಲೇ ಇದೆ."

ಐವತ್ತೆಂಟು ವರ್ಷದಲ್ಲಿ ಅಣ್ಣನಿಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಅವನು ಏನೋ ಹೇಳಲು ಬಾಯಿ ತೆರೆದ. ಮಗಳು, "ಅಚ್ಛಾ ದೊಡ್ಡಪ್ಪ, ರಖ್ತೀ ಹೂಂ," ಎಂದು ಕಾಲ್ ಕಟ್ ಮಾಡಿದಳು.

ಎಡೆ ಇಟ್ಟ ಮೇಲೆ ಹೋದವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಊರಿನಲ್ಲಾದರೆ ಜಗಲಿ ಇದೆ. ನಾವಿಬ್ಬರೂ ಲಿಫ್ಟಿನ ಎದುರು ನಿಂತೆವು. ಎದುರು ಫ್ಲ್ಯಾಟಿನ ಆಂಟಿ ಕಸದ ಚೀಲ ಹಿಡಿದು ಹೊರಗೆ ಬಂದರು.

"ಕ್ಯಾ ಹುವಾ ಭಾಯಿಸಾಬ್? ಚಾವಿ ಒಳಗೇ ಬಿಟ್ರಾ?"

"ನಹೀ ಆಂಟಿ," ಎಂದಳು ಮಗಳು. "ಮಮ್ಮಿ ಖಾನಾ ಖಾ ರಹೀ ಹೈಂ." ಅಮ್ಮ ಊಟ ಮಾಡ್ತಿದಾರೆ, ಎಂದು.

ಆಂಟಿ ಕಸದ ಚೀಲವನ್ನು ಹಾಗೆಯೇ ಹಿಡಿದುಕೊಂಡು ನಮ್ಮ ಪಕ್ಕದಲ್ಲಿ ನಿಂತರು. ಆ ತಿಂಗಳು ನನ್ನ ಮನೆಗೆ ಬಂದು ಹೋದವರಲ್ಲಿ ನನಗೆ ಸಿಟ್ಟು ಬಾರದ್ದು ಅವರೊಬ್ಬರ ಮೇಲೆ.

ಬಾಗಿಲು ತೆಗೆದು ಒಳಗೆ ಹೋಗಿ ಲೋಟವನ್ನು ಮಗಳೂ ನಾನೂ ಹಂಚಿಕೊಂಡೆವು. ಅವಳು ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ಅಮ್ಮಂದು ಹೀಗಿರ್ಲಿಲ್ಲ."

"ಇರ್ಲಿಲ್ಲ."

"ಏನು ಕಮ್ಮಿಯಾಗಿದೆ?"

ಗೊತ್ತಿದ್ದವಳು ಫೋಟೋದಲ್ಲಿದ್ದಳು. ಒಂದು ವರ್ಷವಾದರೂ ನನ್ನ ಕೈಗೆ ಆ ಪಂಚೆಯ ಒಂದು ತುದಿ ಕೊಟ್ಟು, ಬನ್ರೀ, ಹಿಂಡಿ ಎನ್ನಬಾರದಿತ್ತೇ ಎಂದು ಅವಳ ಮೇಲೂ ಸಿಟ್ಟು ಬಂತು. ಕರೆದಿದ್ದರೆ ಟಿವಿ ಮುಂದಿನಿಂದ ಏಳುತ್ತಿದ್ದೆನೇ ಎಂದು ಮಗಳು ಕೇಳಲಿಲ್ಲ. ಉಳಿದದ್ದನ್ನು ನಾನೇ ಕುಡಿದು ಮುಗಿಸಿದೆ.