ಸಿಡಿಲಿನ ಹೊತ್ತಿಗೆ ಬಂದ ಕಸದ ಗಾಡಿ

ಹೋದ ತಿಂಗಳು "ಸಿಡಿಲು ಬರುತ್ತದೆ, ಒಳಗೆ ಹೋಗಿ" ಎಂದು ಮೈಕಿನಲ್ಲಿ ಕೂಗಿಸಿದರೆ, ನಮ್ಮೂರಿನ ಹೆಂಗಸರೆಲ್ಲ ಕಸದ ಬಕೆಟ್ ಹಿಡಿದು ಹೊರಗೆ ಬಂದರು.

ನಗಬೇಡಿ. ತಪ್ಪು ಅವರದ್ದಲ್ಲ. ಐಡಿಯಾ ನನ್ನದು.

ನಮ್ಮದು ತೆಲಿಗಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಊರು. ಸಮುದ್ರ ನಾವು ಟಿವಿಯಲ್ಲಿ ನೋಡಿದ್ದು. ಹೊಳೆಯೂ ದೂರ. ನಮಗೆ ವಿಪತ್ತು ಎಂದರೆ ಮುಂಗಾರಿನ ಮೊದಲ ಮಳೆಯ ಜೊತೆ ಬೀಳುವ ಸಿಡಿಲು. ಹೊಲದಲ್ಲಿದ್ದವರು ನೆನೆಯಬಾರದೆಂದು ಮರದ ಕೆಳಗೆ ನಿಲ್ಲುತ್ತಾರೆ. ಅದು ಬೀಳುವುದೂ ಮರಕ್ಕೇ. ಹೋದ ವರ್ಷ ಪಕ್ಕದ ಓಣಿಯ ಒಬ್ಬ ಹೀಗೇ ಹೋದ. ನನ್ನ ಅಕ್ಕ ಹನುಮಕ್ಕ ಕುರಿ ಕಾಯುವವಳು, ದಿನವೆಲ್ಲ ಬಯಲಲ್ಲೇ ಇರುತ್ತಾಳೆ. ಗುಡುಗಿದರೆ ಸಾಕು, ಗ್ಯಾರೇಜಿನಲ್ಲಿ ನನ್ನ ಕೈಯಲ್ಲಿನ ಸ್ಪ್ಯಾನರ್ ಜಾರುತ್ತದೆ.

ಮುನ್ಸೂಚನೆ ಬರುವುದಿಲ್ಲವೇ? ಬರುತ್ತದೆ, ಮೊಬೈಲಿಗೆ ಮೆಸೇಜು. ಅಕ್ಕನ ಕೀಪ್ಯಾಡ್ ಫೋನಿನಲ್ಲಿ ಅದು ರಿಚಾರ್ಜ್ ಮೆಸೇಜುಗಳ ಅಡಿಯಲ್ಲಿ ಹೂತುಹೋಗಿರುತ್ತದೆ.

ಒಮ್ಮೆ ಊಟದ ಹೊತ್ತಿನಲ್ಲಿ ಬಾಂಗ್ಲಾದೇಶದ ವಿಡಿಯೋ ಒಂದನ್ನು ನೋಡಿದೆ. ಅಲ್ಲಿ ಚಂಡಮಾರುತ ಬರುವ ಮುಂಚೆ ಊರಿನವರೇ, ಸಂಬಳವಿಲ್ಲದೆ, ಕೈಮೈಕು ಹಿಡಿದು ಓಣಿ ಓಣಿ ಕೂಗುತ್ತಾರೆ. ಬಾವುಟ ಏರಿಸುತ್ತಾರೆ. ಬಾವುಟ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಓದು ಬಾರದವರಿಗೂ ತಿಳಿಯುತ್ತದೆ. ನೇಪಾಳದ ಕೆಲವು ಕಡೆ ಮೇಲಿನ ಊರಿನಲ್ಲಿ ಹೊಳೆ ಏರಿದರೆ ಕೆಳಗಿನ ಊರಿಗೆ ಫೋನು ಹೋಗುತ್ತದೆ, ಸೈರನ್ ಕೂಗುತ್ತದೆ. (ನಮಗೆ ಪಕ್ಕದ ದೇಶ ನೆನಪಾಗುವುದು ಕ್ರಿಕೆಟ್ ಮ್ಯಾಚ್ ಇದ್ದಾಗ ಮಾತ್ರ.)

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಟ್ರ್ಯಾಕ್ಟರ್ ಗ್ಯಾರೇಜು ಸೇರಿದವನು. ಒಳ್ಳೆಯ ಪಾರ್ಟು ಯಾವ ಕಂಪನಿಯದಾದರೇನು, ಬಿಚ್ಚಿ ನಮ್ಮ ಗಾಡಿಗೆ ಕೂರಿಸುವುದೇ ನನ್ನ ಕೆಲಸ. ಪಂಚಾಯಿತಿಗೆ ಹೋಗಿ ಹೇಳಿದೆ: "ಊರಾಗ ಮೈಕ್ ಇರೋ ಗಾಡಿ ಒಂದೈತ್ರಿ, ಕಸದ ಗಾಡಿ. ಮೆಸೇಜ್ ಬಂದ ಕೂಡ್ಲೇ ಅದನ್ನ ಓಡಿಸ್ರಿ." ಒಪ್ಪಿದರು.

ಮೋಡ ಕಟ್ಟಿತು. ಮೆಸೇಜು ಬಂತು. ಡ್ರೈವರ್ ಬಸಣ್ಣ ಗಾಡಿ ತೆಗೆದ. ಆದರೆ ಆ ಮೈಕು ಆನ್ ಮಾಡಿದರೆ ಮೊದಲು ಬರುವುದು ಕಸ ಎತ್ತುವಾಗ ಹಾಕುವ ಸ್ವಚ್ಛತೆಯ ಹಾಡು! ಅದು ಮುಗಿದ ಮೇಲೇ ಇವನ ಮಾತು. ಅಷ್ಟರಲ್ಲಿ ಓಣಿ ತುಂಬ ಬಕೆಟು.

"ಒಳಗ ಹೋಗ್ರಬೇ, ಸಿಡ್ಲು ಬರ್ತೈತಿ!" ಎಂದು ಬಸಣ್ಣ ಅರಚಿದ.

"ಸಿಡ್ಲು ದಿನಾ ಬರ್ತೈತಿ, ನೀನು ಬರೋದು ಅಪರೂಪ. ಮೊದ್ಲು ಇದನ್ನ ತಗೊಳಪ್ಪ!" ಎಂದು ಒಬ್ಬಾಕೆ ಬಕೆಟ್ ಚಾಚಿದಳು.

ನಾನು ಬೈಕ್ ಹತ್ತಿ ಬಯಲಿಗೆ ಓಡಿಸಿದೆ. ಅಕ್ಕ ಹುಣಸೆಮರದ ಕೆಳಗೆ ಕಂಬಳಿ ಹೊದ್ದು ನಿಂತಿದ್ದಳು. ಸುತ್ತ ಕುರಿಗಳು.

"ಯಕ್ಕಾ, ಮೈಕ್ ಕೇಳ್ಲಿಲ್ಲೇನು?"

"ಕೇಳ್ತು. ಸೊಸಿ ಮನ್ಯಾಗ ಅದಾಳ, ಕಸ ಹಾಕ್ತಾಳ ಅಂತ ಸುಮ್ಕಾದೆ."

"ಸಿಡ್ಲು ಐತಿ ಅಂತ ಕೂಗ್ಸಿದ್ದು! ಬೈಕ್ ಹತ್ತು."

"ಕುರಿ?"

"ಕುರಿ ಬಿಡು, ಜೀವ ನೋಡ್ಕೊ."

"ಇವೇನು ಕಲ್ಲೇನಲೇ? ನೀನು ಹೋಗು, ನಾ ಬರಂಗಿಲ್ಲ."

ಬರಲಿಲ್ಲ. ಮರದ ಕೆಳಗಿಂದ ಬಿಡಿಸಿ ತಗ್ಗಿಗೆ ಎಳೆದುಕೊಂಡು ಹೋಗುವುದಷ್ಟೇ ನನ್ನಿಂದ ಆಯಿತು. ಕುರಿಗಳೂ ಹಿಂದೆಯೇ ಬಂದವು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ನೆನೆದೆವು. ಸಿಡಿಲು ಆಚೆ ಹೊಲದ ಬೇವಿನ ಮರವನ್ನು ಸೀಳಿತು. ನಾವು ಹುಣಸೆಮರದ ಕೆಳಗೇ ಇದ್ದು, ಅದಕ್ಕೇ ಬಿದ್ದಿದ್ದರೆ? ನಾನು ಇವತ್ತು ಈ ಅಂಕಣ ಬರೆಯುತ್ತಿರಲಿಲ್ಲ.

ಮನೆಗೆ ಬಂದು ಆ ವಿಡಿಯೋವನ್ನು ಪೂರ್ತಿ ನೋಡಿದೆ. ಅಲ್ಲೂ ಜನ ಎಷ್ಟು ಕೂಗಿದರೂ ಮನೆ ಬಿಟ್ಟು ಬರುತ್ತಿರಲಿಲ್ಲವಂತೆ. ದನ ಬಿಟ್ಟು ಹೇಗೆ ಬರುವುದು? ಅದಕ್ಕೇ ಅವರು ದನಕ್ಕೂ ನಿಲ್ಲಲು ಎತ್ತರದ ದಿಬ್ಬ ಕಟ್ಟಿದರು. ಅವರ ಗಾಡಿಯಿಂದ ನಾನು ಹಾರನ್ ಮಾತ್ರ ಬಿಚ್ಚಿಕೊಂಡು ಬಂದಿದ್ದೆ. ಇಂಜಿನ್ ಅಲ್ಲೇ ಬಿಟ್ಟಿದ್ದೆ.

ಈಗ ಬಸಣ್ಣನ ಗಾಡಿಗೆ ಬೇರೆ ಸೈರನ್ ಕೂರಿಸಿದ್ದೇನೆ. ಹಾಡಿಗೆ ಒಂದು ಸ್ವಿಚ್, ಸಿಡಿಲಿಗೆ ಇನ್ನೊಂದು. ಉಳಿದದ್ದು ಕುರಿಗಳ ಪ್ರಶ್ನೆ. ಬಯಲಿನ ಅಂಚಿನಲ್ಲೇ ಸಮುದಾಯ ಭವನವಿದೆ. ಮದುವೆ ಇಲ್ಲದ ದಿನ ಅದಕ್ಕೆ ಬೀಗ. ಮಳೆಗಾಲ ಮುಗಿಯುವವರೆಗೆ ಬಾಗಿಲು ತೆಗೆದಿಡಿ ಎಂದು ಪಂಚಾಯಿತಿ ಸಭೆಯಲ್ಲಿ ಕೇಳಿದೆ. ಸದಸ್ಯರೊಬ್ಬರು ಎದ್ದು ನಿಂತರು.

"ಏನ್ ಮಾತಾಡ್ತಿಯಪ್ಪ! ಮದಿವಿ ಮಾಡೋ ಜಾಗದಾಗ ಕುರಿ ತುಂಬೋದೇನು?"

ಬಾಗಿಲಲ್ಲಿ ನಿಂತಿದ್ದ ಅಕ್ಕ ಬಿಡಲಿಲ್ಲ. "ಯಾಕ್ರಿ, ಬೀಗರೂಟಕ್ಕ ಕುರಿ ಒಳಗ ಬರಂಗಿಲ್ಲೇನು, ತಾಟಿನಾಗ? ಜೀವ ಇದ್ದಾಗ ಬಂದ್ರ ಏನಾತ್ರಿ?"

ಸಭೆ ನಕ್ಕಿತು. ನಕ್ಕು, ಮುಂದಿನ ವಿಷಯಕ್ಕೆ ಹೋಯಿತು.

ಸತ್ತ ಮೇಲೆ ಹಾರ ಹಿಡಿದು ಬರುವುದರಲ್ಲಿ, ಪರಿಹಾರದ ಚೆಕ್ ಕೊಟ್ಟು ಫೋಟೋ ತೆಗೆಸಿಕೊಳ್ಳುವುದರಲ್ಲಿ ನಾವು ಯಾರಿಗೂ ಕಡಿಮೆ ಇಲ್ಲ. ಸಾಯುವ ಮುಂಚೆ ಒಂದು ಬಾಗಿಲು ತೆಗೆಯಲು ಏನು ಕಷ್ಟ? ಅದಕ್ಕೆ ಬಾಂಗ್ಲಾದೇಶದವರೇ ಬಂದು ಹೇಳಬೇಕೇ?

ನಾನಂತೂ ಬಿಡುವವನಲ್ಲ. ಶುಕ್ರವಾರ ಕೀಲಿಕೈ ಕೇಳಲು ಅಕ್ಕನೂ ನಾನೂ ಮತ್ತೆ ಪಂಚಾಯಿತಿಗೆ ಹೋಗುತ್ತಿದ್ದೇವೆ.

ಈ ಸಲ ಕುರಿಗಳೂ ಬರುತ್ತವೆ.