ಹೊಲಿಗೆ ಬಿಟ್ಟ ರಕ್ತ

ಹತ್ತು ವರ್ಷ ನನ್ನ ಪಾಲಿಗೆ ಬಂದದ್ದು ಒಗ್ಗರಣೆ ಇಲ್ಲದ ಸಾರು. ಆರನೇ ವಯಸ್ಸಿನಿಂದ ನನ್ನ ಕಣ್ಣು ಆಗಾಗ ಹಳದಿಗೆ ತಿರುಗುತ್ತಿತ್ತು. ಅಮ್ಮ ಪ್ರತಿ ಸಲವೂ ಕಾಮಾಲೆಯೆಂದು ತೀರ್ಮಾನಿಸಿ, ಉತ್ತರಹಳ್ಳಿಗೆ ಕರೆದೊಯ್ದು ಸೊಪ್ಪಿನ ಔಷಧಿ ಕುಡಿಸಿ, ಎಣ್ಣೆ ಬಂದ್ ಮಾಡುತ್ತಿದ್ದಳು. ಬೀದಿಯಲ್ಲಿ ಪಾನಿಪುರಿ ತಿಂದಿರಬೇಕು ಎಂಬ ಬೈಗುಳ ಬೇರೆ. ತಿನ್ನದ ಪಾನಿಪುರಿಗೆ ನಾನು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ.

ಪಿಯುಸಿಗೆ ಬಂದಾಗ ಹಠ ಹಿಡಿದೆ: ಕಾರಣ ತಿಳಿಯುವವರೆಗೆ ಆ ಕಹಿ ಔಷಧಿ ಮುಟ್ಟುವುದಿಲ್ಲ. ಅಮ್ಮ ಶ್ರೀನಗರದ ನಮ್ಮ ಮನೆಯಲ್ಲೇ ಕೂತು ಸೀರೆಗಳ ಅಂಚಿಗೆ ಫಾಲ್ ಹೊಲಿಯುತ್ತಿದ್ದಳು. ಮೂರು ದಿನ ಗೊಣಗಿ, ನಾಲ್ಕನೇ ದಿನ ಕೆಲಸ ಬದಿಗಿಟ್ಟು ಜಯನಗರದ ರಕ್ತದ ಡಾಕ್ಟರ ಹತ್ತಿರ ನನ್ನ ಜೊತೆ ಬಂದಳು. ಅವರು ಅಮ್ಮನ ಕಣ್ಣನ್ನೂ ನೋಡಿ, ಇಬ್ಬರ ರಕ್ತವನ್ನೂ ತೆಗೆಸಿದರು.

ವರದಿ ಬಂದ ದಿನ ಡಾಕ್ಟರು ಕಾಗದದ ಮೇಲೆ ಒಂದು ಕೆಂಪು ರಕ್ತಕಣ ಬರೆದು ತೋರಿಸಿದರು. ಹೊರಗೊಂದು ತೆಳು ಪೊರೆ. ಅದರ ಒಳಮೈಗೆ ಸ್ಪೆಕ್ಟ್ರಿನ್, ಆಕ್ಟಿನ್ ಎಂಬ ಪ್ರೋಟೀನುಗಳ ಬಲೆ. ಪೊರೆಯನ್ನು ಆ ಬಲೆಗೆ ಹಿಡಿದಿಡಲೂ ಕೆಲವು ಪ್ರೋಟೀನುಗಳಿವೆ. ನನ್ನಲ್ಲಿ ಅವೇ ಸಾಲವು. ಹಿಡಿತ ತಪ್ಪಿದ ಪೊರೆ ಚೂರು ಚೂರಾಗಿ ಉದುರಿ, ಚಪ್ಪಟೆ ಕಣ ಗುಂಡಗಾಗಿ, ಹೊಟ್ಟೆಯ ಎಡಬದಿಯ ಗುಲ್ಮದಲ್ಲಿ, ಅಂದರೆ ಸ್ಪ್ಲೀನ್‌ನಲ್ಲಿ, ಸಿಕ್ಕಿಕೊಂಡು ಒಡೆಯುತ್ತದೆ. ಒಡೆದ ಕಣದ ಬಣ್ಣ ಹಳದಿಯಾಗಿ ರಕ್ತದಲ್ಲಿ ಉಳಿಯುತ್ತದೆ; ಕಣ್ಣಿನ ಹಳದಿ ಅದರಿಂದ.

ನಾನು ಸುಮ್ಮನೆ ತಲೆಯಾಡಿಸಿದೆ, ಅರ್ಥವಾಗಿರಲಿಲ್ಲ. ಅಮ್ಮನಿಗೆ ಆಗಿತ್ತು.

"ಬಟ್ಟೆ ಚೆನ್ನಾಗೇ ಇದೆ, ಹೊಲಿಗೆ ಬಿಟ್ಟಿದೆ ಅನ್ನಿ," ಎಂದಳು.

ಡಾಕ್ಟರು ಒಪ್ಪಿದರು. ಊಟಕ್ಕೂ ಇದಕ್ಕೂ ಸಂಬಂಧವಿಲ್ಲ, ಎಲ್ಲ ತಿನ್ನಲಿ, ಫೋಲಿಕ್ ಆಸಿಡ್ ಮಾತ್ರೆ ಮಾತ್ರ ತಪ್ಪಿಸಬಾರದು ಎಂದರು. ಆಮೇಲೆ ಎರಡನೇ ವರದಿ ತೆಗೆದರು. ಅಮ್ಮನ ರಕ್ತದಲ್ಲೂ ಅದೇ ತೊಂದರೆ, ಸ್ವಲ್ಪ ಕಡಿಮೆ. ನನಗೆ ಬಂದದ್ದು ಅವಳಿಂದಲೇ.

ಮನೆಗೆ ಬಂದವಳೇ ಅಮ್ಮ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಇಂಗು ಹಾಕಿ ಸಾರಿಗೆ ಸುರಿದಳು. ನನಗೆ ಬಡಿಸಿದಳು. ತನಗೆ ಮಾತ್ರ, ಮೊದಲೇ ತೆಗೆದಿಟ್ಟಿದ್ದ ಸಪ್ಪೆ ಸಾರನ್ನು ಹಾಕಿಕೊಂಡಳು.

"ನಂಗಿನ್ಮೇಲೆ ಇದೇ ಸಾಕು. ನನ್ನಿಂದ ತಾನೆ ನಿಂಗೆ ಬಂದಿದ್ದು?"

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. ಅವಳ ತಟ್ಟೆ ಕಿತ್ತುಕೊಂಡು, ತೊಳೆದು, ಬೇರೆ ಅನ್ನ ಹಾಕಿ ಒಗ್ಗರಣೆಯ ಸಾರು ಬಡಿಸಿದೆ. ಅವಳು ಮೊದಲ ತುತ್ತು ಉಣ್ಣುವವರೆಗೆ ನನ್ನ ತಟ್ಟೆ ಮುಟ್ಟಲಿಲ್ಲ.